ಅಡುಗೆ ಕಟ್ಟೆಯ ಕರಿಗಲ್ಲು

"ಆ ಕಲ್ಲಿನ ತಂಟೆಗೆ ಮಾತ್ರ ಹೋಗಬೇಡ" ಎಂದು ಮೇಸ್ತ್ರಿ ಹೇಳಿದಾಗ ಹೊಸಬ ಗಹಗಹಿಸಿ ನಕ್ಕುಬಿಟ್ಟ. ನಕ್ಕ ರಭಸಕ್ಕೆ ಬಾಯೊಳಗೆ ಕಲ್ಲಿನ ಪುಡಿ ಹೋಗಿ ಕೆಮ್ಮು ಬಂತು. ಕೆಮ್ಮುತ್ತಲೇ ಮತ್ತೆ ನಕ್ಕ.

ಅಡುಗೆ ಕಟ್ಟೆಗೆ, ಮೆಟ್ಟಿಲಿಗೆ ಬೇಕಾದ ಹಾಸುಗಲ್ಲುಗಳನ್ನು ಅಳತೆಗೆ ಕೊಯ್ದು ಹೊಳಪು ಕೊಡುವ ಅಂಗಳ ಅದು. ಬೇರೆ ಕಡೆಯಿಂದ ಬಂದು ಸೇರಿದ್ದ ಇವನಿಗೆ 'ಹೊಸಬ' ಎನ್ನುವುದೇ ಹೆಸರಾಗಿಬಿಟ್ಟಿತ್ತು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಇಬ್ಬರು ಎತ್ತುವ ಕಲ್ಲನ್ನು ಒಬ್ಬನೇ ಎತ್ತಿ, ಎಲ್ಲರೂ ನೋಡಿದರೇ ಎಂದು ತಿರುಗಿ ನೋಡುವ ಜಾಯಮಾನ.

ಕಲ್ಲು ಇದ್ದದ್ದು ಹಿಂದಿನ ಶೆಡ್ಡಿನಲ್ಲಿ. ಒಳಗೆ ಹಗಲಲ್ಲೂ ಕತ್ತಲೆ. ಒದ್ದೆ ಪುಡಿಯ ವಾಸನೆ, ತುಕ್ಕು ನೀರಿನ ವಾಸನೆ, ಅವೆರಡರ ಅಡಿಯಲ್ಲಿ ಏನೋ ಸುಟ್ಟ ಕಮಟು. ಕಲ್ಲನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಹೊಸಬ ಒದ್ದೆ ಬಟ್ಟೆಯಿಂದ ಅಂಚನ್ನು ಒರೆಸಿದ. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ. ಅಂಥ ಕಪ್ಪು ಕಲ್ಲನ್ನು ಅವನು ಈ ಜನ್ಮದಲ್ಲಿ ಕಂಡಿರಲಿಲ್ಲ.

"ಅದು ಒಬ್ಬ ಹುಡುಗನ ಬೆನ್ನ ಮೇಲೆ ಬಿದ್ದ ಕಲ್ಲು ಕಣೋ" ಎಂದ ಮೇಸ್ತ್ರಿ, ಹೊಸ್ತಿಲು ದಾಟದೆ. "ಕಲ್ಲೆತ್ತೋ ಪಟ್ಟಿ ಸವೆದಿತ್ತು, ಅದರಲ್ಲೇ ಎತ್ತಿಸಿದರು ಯಜಮಾನರು. ಹುಡುಗ ಹೋದ. ಮನುಷ್ಯನ ಮೇಲೆ ಬಿದ್ದ ಕಲ್ಲನ್ನ ನಾವು ಉಳಿಸಲ್ಲ. ಎಲ್ಲರೂ ಒಂದೊಂದು ಪೆಟ್ಟು ಹಾಕಿ ಪುಡಿ ಮಾಡ್ತೀವಿ. ಇಂಥ ಕಲ್ಲು ಮತ್ತೆ ಸಿಗಲ್ಲ ಅಂತ ಯಜಮಾನರು ಬಿಡಲಿಲ್ಲ. ಆಮೇಲೆ ಅವನ ತಾಯಿ ಬಂದಳು. ಇಡೀ ಮಧ್ಯಾಹ್ನ ಈ ಕಲ್ಲಿನ ಹಿಂದೆ ಕೂತಿದ್ದಳು. ಏನೋ ಕೊರೆಯೋ ಸದ್ದು ಬರ್ತಿತ್ತು. ಒಳಗೆ ಹೋಗೋ ಧೈರ್ಯ ನಮಗ್ಯಾರಿಗೂ ಬರಲಿಲ್ಲ."

"ಪಾಪ, ಮಗ ಹೋದ ಸಂಕಟ. ಕೂತು ಅತ್ತಿರ್ತಾಳೆ."

"ಅಳಲಿಲ್ಲ. ಹೋಗೋವಾಗ ಯಜಮಾನರನ್ನ ನೋಡಿ ನಕ್ಕಳು."

ಯಜಮಾನರಿಗೂ ಅಂದಿನಿಂದ ಆ ಕಲ್ಲೆಂದರೆ ಅಷ್ಟಕ್ಕಷ್ಟೆ. ಒಡೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಎದೆಯಿಲ್ಲ. ಹೊಸಬ ಕೇಳಿದ್ದೇ ತಡ, "ತಗೊಂಡು ಹೋಗು, ಸುಮ್ಮನೆ ಕೊಟ್ಟೆ, ಇನ್ನು ನಿನ್ನದೇ" ಎಂದರು. ಪುಕ್ಕಟೆ ಕೊಡುವಾಗ ಆ ಮನುಷ್ಯನ ಮುಖ ಅಷ್ಟು ಅರಳಿದ್ದು ಯಾಕೆಂದು ಹೊಸಬ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಹೆಂಡತಿ ಮದುವೆಯಾದಾಗಿನಿಂದ ಒಳ್ಳೆಯದೊಂದು ಅಡುಗೆ ಕಟ್ಟೆ ಬೇಕೆನ್ನುತ್ತಿದ್ದಳು. ಅವನ ತಲೆಯಲ್ಲಿ ಇದ್ದದ್ದು ಅದೊಂದೇ.

ಕಲ್ಲನ್ನು ಮಗುಚಿದಾಗ ಅಡಿಭಾಗದಲ್ಲಿ ಉದ್ದಕ್ಕೂ ಒಂದು ಸಾಲು ಸಣ್ಣ ಗುಂಡಿಗಳು ಕಂಡವು. ಎಲ್ಲವನ್ನೂ ಕಪ್ಪು ಮೇಣದಿಂದ ಮುಚ್ಚಿದ್ದರು. ಕಲ್ಲಿನಲ್ಲಿ ತೂತಿದ್ದರೆ ಬಣ್ಣದ ಮೇಣ ತುಂಬಿ ಉಜ್ಜಿಬಿಡುವುದು ಈ ಕಸುಬಿನಲ್ಲಿ ದಿನನಿತ್ಯದ ಮಾತು. ಆದರೆ ಯಾರ ಕಣ್ಣಿಗೂ ಬೀಳದ ಅಡಿಭಾಗಕ್ಕೆ ಯಾವ ಕೆಲಸಗಾರನೂ ಮೇಣ ತುಂಬುವುದಿಲ್ಲ. ಹೊಸಬನಿಗೆ ಅದು ಹೊಳೆಯಲಿಲ್ಲವೆಂದಲ್ಲ. "ಯಾರೋ ಕೆಲಸವಿಲ್ಲದ ಬಡಗಿ ಇದಕ್ಕೂ ಶೃಂಗಾರ ಮಾಡಿದ್ದಾನೆ" ಎಂದು ನಕ್ಕು, ಮಗುಚಿ ಹಾಕಿ, ಕೊಯ್ಯುವ ಚಕ್ರ ಹಚ್ಚಿದ. ಸಿಂಕ್ ಕೂರಿಸಲು ನಡುವೆ ಚೌಕವಾಗಿ ಕತ್ತರಿಸಿ ತೆಗೆದ. ತೆಗೆದ ತುಂಡನ್ನು ಬಿಸಾಡಲು ಮನಸ್ಸಾಗದೆ ಮುಂಬಾಗಿಲ ಎದುರು ಮೆಟ್ಟಿಲಾಗಿ ಹಾಸಿದ.

ಹೆಂಡತಿ ಹೊಸ ಕಟ್ಟೆಯ ಮೇಲೆ ಎರಡೂ ಅಂಗೈ ಊರಿ, "ಎಷ್ಟು ತಣ್ಣಗಿದೆ ರೀ!" ಎಂದು ನಕ್ಕಳು. ಹಿಂದೆ ನಿಂತಿದ್ದ ಹೊಸಬನಿಗೆ ಬೆನ್ನ ಮೇಲೆ ಎರಡು ತಣ್ಣನೆಯ ಕೈಗಳು ಕೂತಂತಾಯಿತು. ಅವನು ತಿರುಗಿ ನೋಡಿದ. ಯಾರೂ ಇರಲಿಲ್ಲ.

ಅಲ್ಲಿಂದ ಶುರುವಾಯಿತು. ನೋವಿಗೆ ಹೊತ್ತಿಲ್ಲ ಗೊತ್ತಿಲ್ಲ. ಬೆಳಿಗ್ಗೆ ಏಳುವಾಗ ನೆಟ್ಟಗಿದ್ದವನು ಹಲ್ಲುಜ್ಜುವಷ್ಟರಲ್ಲಿ ಬಿಲ್ಲಾಗುತ್ತಿದ್ದ. ಒಮ್ಮೆ ಕುಟ್ಟಿದ ಹಾಗೆ, ಒಮ್ಮೆ ನಾದಿದ ಹಾಗೆ, ಒಮ್ಮೆ ಕಾಯಿಸಿದ ಕಬ್ಬಿಣ ಇಟ್ಟ ಹಾಗೆ. ಅಂಗಳದಲ್ಲಿ ಕಲ್ಲೆತ್ತುವುದು ನಿಂತಿತು, ಆಮೇಲೆ ಕೆಲಸವೇ ನಿಂತಿತು. ಡಾಕ್ಟರು ಬೆನ್ನಿನ ಚಿತ್ರವನ್ನು ಬೆಳಕಿಗೆ ಹಿಡಿದು, "ಏನೂ ಇಲ್ಲವಲ್ಲ! ಮೂಳೆ ಎಲ್ಲಾ ಚೆನ್ನಾಗಿವೆ" ಎಂದು ಸಂತೋಷಪಟ್ಟರು. ರೋಗಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿಲ್ಲ ಎನ್ನುವುದು ಪಾಪ ಅವರಿಗೇನು ಗೊತ್ತು.

ಎಲ್ಲಕ್ಕಿಂತ ದೊಡ್ಡ ಅವಮಾನ ಇದಾಗಿತ್ತು: ಹೆಂಡತಿ ಕೆಲಸಕ್ಕೆ ಹೋದಾಗ ನೋವು ಇರುತ್ತಿರಲಿಲ್ಲ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ದುಡಿಯುತ್ತಿದ್ದಳು. ಅವಳು ಬಾಗಿಲು ದಾಟುವಾಗ ಸೊಂಟಕ್ಕೆ ಒಂದು ಗುದ್ದು, ಆಮೇಲೆ ಸಂಜೆಯವರೆಗೆ ಆರಾಮ. ಬಂದು ಒಲೆ ಹಚ್ಚಿದರೆ ಮತ್ತೆ ನರಳಾಟ. ನೆಂಟರು ಬಂದರಂತೂ ಮುಗಿದೇ ಹೋಯಿತು.

"ನಾವು ಬಾಗಿಲಿಗೆ ಕಾಲಿಟ್ಟರೆ ಸಾಕು, ನಿನ್ನ ಗಂಡನಿಗೆ ಸೊಂಟ ಹಿಡಿಯುತ್ತೆ. ನಮ್ಮನ್ನ ಕಂಡರೆ ಅಷ್ಟು ಪ್ರೀತಿ" ಎಂದು ಹೆಂಡತಿಯ ಅಕ್ಕ ಮೂಗು ಮುರಿದಳು.

ಹೆಂಡತಿ ನಗಲಿಲ್ಲ. ಅಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: "ನಾನಿಲ್ಲದಾಗ ಓಡಾಡ್ತೀರಂತೆ. ಪಕ್ಕದ ಮನೆಯವರು ನೋಡಿದ್ದಾರೆ. ನಿಜ ಹೇಳಿ, ನೋವು ಇದೆಯಾ?"

ಜಗತ್ತೇ ನಂಬದಿದ್ದರೂ ಹೊಸಬನಿಗೆ ಚಿಂತೆಯಿರಲಿಲ್ಲ. ಇವಳೊಬ್ಬಳು ನಂಬಿದ್ದರೆ ಸಾಕಿತ್ತು. ಅಂದಿನಿಂದ ಅವನಿಗೆ ಬೇಕಾಗಿದ್ದು ನೋವು ಹೋಗುವುದಲ್ಲ, ತನ್ನ ನೋವನ್ನು ಅವಳು ಒಪ್ಪಿಕೊಳ್ಳುವುದು.

ಒಂದು ರಜಾ ದಿನ ಅವನು ಅಂಗಾತ ಮಲಗಿ ಸೂರು ನೋಡುತ್ತಿದ್ದ. ಅಡುಗೆಮನೆಯಲ್ಲಿ ಹೆಂಡತಿ ಕುಕ್ಕರನ್ನು ಕಟ್ಟೆಯ ಮೇಲೆ ಕುಕ್ಕಿದಳು. ಧಡ್. ಭುಜದೆಲುಬುಗಳ ನಡುವೆ ಪೆಟ್ಟು. ಹಿಟ್ಟಿನ ಉಂಡೆ ಬಿದ್ದ ಸದ್ದು. ಅದರ ಕೆಳಗೆ ಪೆಟ್ಟು. ನಾದುತ್ತಿದ್ದಾಳೆ. ಒತ್ತಿ, ಎಳೆದು, ಮಗುಚಿ, ಒತ್ತಿ. ಅವನ ಬೆನ್ನಿನ ಮಾಂಸ ಅದೇ ತಾಳಕ್ಕೆ ಒತ್ತಿಕೊಂಡಿತು, ಎಳೆದುಕೊಂಡಿತು, ಮಗುಚಿಕೊಂಡಿತು.

ಸದ್ದು ನಿಂತಿತು. ನೋವು ನಿಂತಿತು.

ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಅವನು ಟಾರ್ಚು, ಉಳಿ ಹಿಡಿದು ಕಟ್ಟೆಯ ಕೆಳಗಿನ ಕಪಾಟಿನೊಳಗೆ ತೂರಿಕೊಂಡ. ಒಳಗೆ ಕತ್ತಲೆ ಒದ್ದೆಯಾಗಿತ್ತು. ಸಿಂಕಿನ ಕೊಳವೆ ಎಲ್ಲೋ ತೊಟ್ಟಿಕ್ಕುತ್ತಿತ್ತು. ಮೊದಲು ಮೇಣದ ವಾಸನೆ. ಅದರ ಹಿಂದೆ ಸುಟ್ಟ ಕೂದಲಿನ ವಾಸನೆ. ಬೆಳಕು ಮೇಲಕ್ಕೆ ಹಿಡಿದ. ಗುಂಡಿಗಳ ಸಾಲು ಕಲ್ಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿತ್ತು. ನೆಟ್ಟಗಲ್ಲ, ಕುತ್ತಿಗೆಯ ಬಳಿ ಒಳಗೆ, ನಡುವೆ ಹೊರಗೆ, ಬಗ್ಗಿದವನ ಬೆನ್ನುಮೂಳೆಯ ಹಾಗೆ. ಸೊಂಟದ ಜಾಗದಲ್ಲಿ ಗುಂಡಿಗಳಿರಲಿಲ್ಲ. ಅಲ್ಲಿ ಸಿಂಕ್ ನೇತಾಡುತ್ತಿತ್ತು. ಆ ತುಂಡು ಬಾಗಿಲ ಹೊರಗೆ ಬಿದ್ದಿತ್ತು. ಬಂದವರೆಲ್ಲ ಅದನ್ನು ತುಳಿದೇ ಒಳಗೆ ಬರುತ್ತಿದ್ದರು.

ಹೆಬ್ಬೆರಳಿನಿಂದ ಒಂದು ಗುಂಡಿಯನ್ನು ಒತ್ತಿದ. ಅವನ ಬೆನ್ನಿನಲ್ಲಿ ಒಂದು ಹೆಬ್ಬೆರಳು ಒತ್ತಿತು.

ಕಿತ್ತರೆ ಬಿಟ್ಟು ಹೋಗುತ್ತದೆ. ಅವನಿಗೆ ಅನ್ನಿಸಿದ್ದು ಅಷ್ಟೇ. ಉಳಿಯಿಂದ ಕೆರೆದ. ಮೇಣ ಎದ್ದು ಬಂತು. ಒಳಗೆ ಕೂದಲು. ಬಿಗಿಯಾಗಿ ಸುತ್ತಿದ ಕೂದಲು. ಬೆಚ್ಚಗಿತ್ತು. ಸತ್ತವನ ಕೂದಲು ಬೆಚ್ಚಗಿರುತ್ತದೆಯೇ? ಚಿಮ್ಮಟದಂತೆ ಎರಡು ಬೆರಳಲ್ಲಿ ಹಿಡಿದ. ಎಳೆದ. ಬರಲಿಲ್ಲ. ಯಾರೋ ಆ ಕಡೆಯಿಂದ ಹಿಡಿದಿದ್ದರು. ಮತ್ತೆ ಎಳೆದ. ಕತ್ತಲೆಯಲ್ಲಿ ಯಾರೋ ಉಸಿರೆಳೆದುಕೊಂಡರು. ತಾನೇ ಇರಬೇಕು. ಜಗ್ಗಿದ. ಕೂದಲು ಕಿತ್ತು ಬಂತು.

ಎಡಗಾಲು ಹೋಯಿತು. ನೋವಲ್ಲ. ಉರಿಯಲ್ಲ. ಕಾಲೇ ಇಲ್ಲ. ಕಣ್ಣಿಗೆ ಕಾಣುತ್ತಿದೆ, ಕೈಗೆ ಸಿಗುತ್ತಿದೆ, ಆದರೆ ಅದು ಇನ್ಯಾರದೋ ಕಾಲು. ಟಾರ್ಚು ಉರುಳಿ ಆರಿತು. ಅವನು ಕಿರುಚಿದ. ಮೇಲಿನ ಕಲ್ಲು ಸಣ್ಣಗೆ ಅದುರಿತು.

ಸಂಜೆ ಬಂದ ಹೆಂಡತಿ ಅವನನ್ನು ಕಪಾಟಿನಿಂದ ಎಳೆದು ಹಾಸಿಗೆಗೆ ಸೇರಿಸಿದಳು. ಅವನು ಎಲ್ಲವನ್ನೂ ಹೇಳಿದ. ಅವಳು ಎದ್ದು ಅಡುಗೆಮನೆಗೆ ಹೋದಳು. ಬಾಗಿಲು ಮುಚ್ಚಿಕೊಂಡಳು. ಸದ್ದಾಗದ ಹಾಗೆ ಕಟ್ಟೆಯ ತುದಿಯಲ್ಲಿ ಒಂದು ಬಾಟಲಿ ಇಟ್ಟಳು.

"ಕುತ್ತಿಗೆ" ಎಂದ ಹೊಸಬ ಹಾಸಿಗೆಯಿಂದಲೇ.

ಅವಳು ಅದನ್ನು ಸಿಂಕಿನತ್ತ ಎಳೆದಳು.

"ಎಳೀಬೇಡವೇ, ಸುಡುತ್ತೆ!"

ಬಾಗಿಲು ತೆರೆದು ಬಂದವಳ ಮುಖ ಬಿಳಿಚಿಕೊಂಡಿತ್ತು. ಅವನ ಕಾಲ ಬಳಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಹೊಸಬನೂ ಅತ್ತ, ಆದರೆ ಸಂತೋಷಕ್ಕೆ. ನಂಬಿದಳಲ್ಲ, ಕೊನೆಗೂ ನಂಬಿದಳಲ್ಲ.

ಮೇಸ್ತ್ರಿಗೆ ಹೇಳಿ ಕಳಿಸಿದರು. ಅವನು ಬಾಗಿಲ ಮೆಟ್ಟಿಲನ್ನು ತುಳಿಯದೆ ದಾಟಿ ಬಂದು, ಕಪಾಟಿನೊಳಗೆ ಇಣುಕಿ, ತಲೆ ತಗ್ಗಿಸಿ ಕೂತ.

"ಯಜಮಾನರಿಗೆ ಅಂತ ಮಾಡಿದ್ದು ಕಣೋ. ಯಾರು ತನ್ನದು ಅಂತ ಮನೆಯಲ್ಲಿ ಕೂರಿಸ್ತಾರೋ ಅವರಿಗೆ ಹತ್ತಿಕೊಳ್ಳುತ್ತೆ. ನೀನು ಕೇಳಿ ತಗೊಂಡೆ."

"ಆ ತಾಯಿನ ಕರ್ಕೊಂಡು ಬಾ. ಕಾಲು ಹಿಡೀತೀನಿ."

"ಅವಳೂ ಸತ್ತು ಹೋಗಿ ಆಯ್ತು. ತೆಗೆಯೋರು ಯಾರೂ ಇಲ್ಲ."

"ಒಡೆದುಬಿಡಿ ಹಾಗಾದರೆ" ಎಂದಳು ಹೆಂಡತಿ.

"ಒಂದು ಗುಂಡಿ ಕಿತ್ತಿದ್ದಕ್ಕೆ ಒಂದು ಕಾಲು ಹೋಯ್ತಮ್ಮ. ಕಲ್ಲೇ ಒಡೆದರೆ ಇವನಲ್ಲಿ ಏನು ಉಳಿಯುತ್ತೆ?"

ಮನೆ ಬಿಡುವ ಹಾಗೂ ಇಲ್ಲ. ಆಮೇಲೆ ಈ ಮನೆಗೆ ಬಂದವರು ಆ ಕಟ್ಟೆಯ ಮೇಲೆ ಪಾತ್ರೆ ಇಡದೆ ಇರುತ್ತಾರೆಯೇ? ಗಂಡ ಹೆಂಡತಿ ಕಲ್ಲಿಗೆ ಕಾವಲು ಕೂತರು. ಬಾಗಿಲ ತುಂಡನ್ನು ಎತ್ತಿ ಒರೆಸಿ ಮೂಲೆಯಲ್ಲಿ ಹತ್ತಿಯ ಮೇಲೆ ಇಟ್ಟರು. ಅವಳು ನೆಲದ ಮೇಲೆ ಒಲೆ ಇಟ್ಟುಕೊಂಡು ಬಗ್ಗಿ ಅಡುಗೆ ಮಾಡಿದಳು. ಚಳಿಯ ದಿನಗಳಲ್ಲಿ ಕಲ್ಲಿಗೆ ಹಗುರಾದ ಹೊದಿಕೆ ಹೊದಿಸಿದಳು. ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಹಾಸಿಗೆಯಲ್ಲಿದ್ದವನಿಗೆ ಮಗುವಿನಂಥ ನಿದ್ದೆ ಬರುತ್ತಿತ್ತು. ಅವರ ದಾಂಪತ್ಯದಲ್ಲಿ ಅಷ್ಟು ಅಕ್ಕರೆಯ ದಿನಗಳು ಹಿಂದೆ ಇರಲಿಲ್ಲ, ಮುಂದೆ ಬರಲೂ ಇಲ್ಲ.

ಅಕ್ಕರೆಗೂ ದಣಿವಾಗುತ್ತದೆ. ಹಗಲೆಲ್ಲ ಒದ್ದೆ ಚಾದರಗಳನ್ನು ಎತ್ತಿ ಬಂದವಳು ಮತ್ತೆ ನೆಲಕ್ಕೆ ಬಗ್ಗಬೇಕು. ಮಲಗಿದವನಿಗೆ ದಿನವೆಲ್ಲ ಕಾಯುವುದೊಂದೇ ಕೆಲಸ. ಕಾದು ಕಾದು ನಾಲಿಗೆ ಹರಿತವಾಗುತ್ತ ಹೋಯಿತು. ಅನ್ನ ಗಂಟಾಗಿದೆ, ದಿಂಬು ಜಾರಿದೆ, ಕರೆದರೆ ಕಿವಿ ಕೇಳಲ್ಲವಾ?

ಒಂದು ಸಂಜೆ ಅವಳು ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ನಿಂತು, "ಇವತ್ತು ಬಗ್ಗೋಕೆ ಆಗ್ತಿಲ್ಲ ರೀ, ತುಂಬಾ ನೋಯ್ತಿದೆ" ಎಂದಳು.

ಹೊಸಬ ನಕ್ಕುಬಿಟ್ಟ. "ನೋವಾ? ಬೆನ್ನು ನೋವು ಅಂದ್ರೆ ಏನು ಅಂತ ನಿನಗೇನು ಗೊತ್ತು?"

ಅವಳು ಅವನನ್ನೇ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ತಿರುಗಿ ಒಳಗೆ ಹೋದಳು. ಹೊದಿಕೆ ಸರಿದ ಸದ್ದು. ಬೇಡ ಎಂದ. ಅಂಗೈ ಕೂತಿತು. ಬೇಡವೇ. ಮೊಣಕೈ ಊರಿತು. ತಪ್ಪಾಯ್ತು, ತಪ್ಪಾಯ್ತು ಎಂದು ಕೂಗಿದ. ಅವಳು ಕಟ್ಟೆಯ ಮೇಲೆ ಹತ್ತಿ ಕೂತಳು.

ಕಣ್ಣಿಗೆ ಕತ್ತಲೆ ಕಟ್ಟಿತು. ಮೂಳೆಗಳು ಒಂದರೊಳಗೊಂದು ಕುಸಿದವು. ಉಸಿರಿಲ್ಲ. ಕೂಗಲು ಉಸಿರಿಲ್ಲ. ಅವಳು ಎಷ್ಟು ಹೊತ್ತು ಕೂತಿದ್ದಳೋ ಅವನಿಗೆ ತಿಳಿಯಲಿಲ್ಲ.

ಆಮೇಲೆ ಓಡಿ ಬಂದಳು. ಅವನ ತಲೆಯನ್ನು ಎದೆಗವಚಿಕೊಂಡು, "ನಾನಲ್ಲ ರೀ, ನನಗೇನಾಯ್ತೋ ಗೊತ್ತಿಲ್ಲ, ಇನ್ನು ಮಾಡಲ್ಲ" ಎಂದು ಗೋಳಾಡಿದಳು. ಅವನು ಕ್ಷಮಿಸಿದ. ಕ್ಷಮಿಸದೆ ಏನು ಮಾಡಿಯಾನು?

ಮರುದಿನ ಬೆಳಿಗ್ಗೆ ಬಾಯಾರಿಕೆಯಾಯಿತು. "ಸ್ವಲ್ಪ ನೀರು ಕೊಡ್ತೀಯಾ?" ಎಂದು ಮೆಲ್ಲಗೆ ಕರೆದ. ಅಡುಗೆಮನೆಯಲ್ಲಿ ಹೊದಿಕೆ ಸರಿದ ಸದ್ದಾಯಿತು. ಅವನ ಕುತ್ತಿಗೆಯ ಕೆಳಗೆ ಒಂದು ಬೆರಳು ಬಂದು ಕೂತಿತು. ಒತ್ತಲಿಲ್ಲ, ಸುಮ್ಮನೆ ಕೂತಿತು. ಹೊಸಬ ಬಾಯಿ ಮುಚ್ಚಿಕೊಂಡ. ಬೆರಳು ಅಲ್ಲೇ ಇತ್ತು.