ಕಾವಲಿಗೆ ಅಂಟಿದ ರೊಟ್ಟಿ

ಬಹಳ ಕಾಲದ ಹಿಂದೆ, ಕೆಂಡಗಿರಿ ಎಂಬ ರಾಜ್ಯದಲ್ಲಿ ಇದ್ದದ್ದು ಒಂದೇ ತಂದೂರಿ ಒಲೆ. ಅರಮನೆಯ ಹಿತ್ತಲಲ್ಲಿ, ಹೂತಿಟ್ಟ ಮಣ್ಣಿನ ಹಂಡೆಯಂತಿದ್ದ ಅದನ್ನು ನೋಡಿಕೊಳ್ಳುತ್ತಿದ್ದವನು ಬಾಣಸಿಗ ಮಾಚಯ್ಯ. ಒಂದು ಬೆಳಿಗ್ಗೆ ಧೂಮಾಕ್ಷನೆಂಬ ಮಾಂತ್ರಿಕ ಬಂದು ಒಲೆಯನ್ನು ನುಂಗಿದ. ತಡೆಯಲು ಹೋದ ಮಾಚಯ್ಯನನ್ನು ಹುಂಜ ಮಾಡಿ ಎತ್ತಿಕೊಂಡು ಹೋದ. ರಾಜರು ತಡೆಯಲು ಹೋಗಲಿಲ್ಲ. ಆದ್ದರಿಂದ ರಾಜರಾಗಿಯೇ ಉಳಿದರು.

ಮಾಚಯ್ಯನ ತಾಯಿ ಸಂಕವ್ವ, ಹೆಂಡತಿ ಪದುಮಿ ಇಬ್ಬರೂ ಮಾಂತ್ರಿಕನ ಗುಹೆಗೆ ಓಡಿದರು. ಅವನು ಹುಂಜಕ್ಕೆ ಆಗಲೇ ಮೊಸರು, ಖಾರ ಹಚ್ಚಿ ಕೂರಿಸಿದ್ದ.

"ನನ್ನ ಮಗನ್ನ ಬಿಟ್ಟುಬಿಡಪ್ಪಾ," ಎಂದಳು ಸಂಕವ್ವ.

"ತಂದೂರಿ ಒಲೆಯಿಲ್ಲದೆ ಅದರ ರುಚಿ ಉಣಿಸಿ. ಮೂರು ಪರೀಕ್ಷೆ. ಹೊತ್ತು ಮುಳುಗುವುದರೊಳಗೆ ಗೆದ್ದರೆ ಮಗ ನಿಮ್ಮವನು. ಸೋತರೆ ಊಟ ನನ್ನದು," ಎಂದ ಧೂಮಾಕ್ಷ. ಮೂರಕ್ಕಿಂತ ಕಡಿಮೆ ಪರೀಕ್ಷೆ ಒಡ್ಡುವುದು ಮಾಂತ್ರಿಕರಲ್ಲಿ ಮರ್ಯಾದೆಯಲ್ಲ.

ಹುಂಜ ತನ್ನ ರೆಕ್ಕೆಯ ಮಸಾಲೆಯನ್ನು ಕೊಕ್ಕಿನಿಂದ ರುಚಿ ನೋಡಿತು. "ಉಪ್ಪು ಸಾಲದು," ಎಂದಿತು.

"ನೀವು ಸುಮ್ಮನಿರ್ರೀ!" ಎಂದಳು ಪದುಮಿ.

ಅತ್ತೆ ಸೊಸೆ ಅಡಿಗೆಮನೆಯನ್ನೇ ಗುಹೆಯ ಬಾಗಿಲಿಗೆ ಹೊತ್ತು ತಂದರು.

ಮೊದಲ ಪರೀಕ್ಷೆ, ಕೆಂಪಗೆ ಸುಟ್ಟ ತುಂಡುಗಳು. ಕೋಳಿಯ ಮಾತನ್ನು ಯಾರೂ ಎತ್ತಲಿಲ್ಲ. ಪದುಮಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಮೆಣಸಿನಪುಡಿ, ಶುಂಠಿ, ಬೆಳ್ಳುಳ್ಳಿ ಕಲಸಿ ಪನೀರಿಗೆ ಬಳಿದಳು. ಕಡ್ಡಿಗೆ ಚುಚ್ಚಿ, ಕೆಂಡ ತುಂಬಿದ ಹಳೇ ಬಾಣಲೆಯ ಮೇಲೆ ತಿರುಗಿಸಿದಳು. ಅಂಚು ಕಪ್ಪಾಯಿತು, ಒಳಗು ಮೆತ್ತಗುಳಿಯಿತು. ಮಾಂತ್ರಿಕ ತಿಂದು "ಹೂಂ" ಎಂದ.

ಎರಡನೆಯದು, ಹೊಗೆಯ ಘಮವಿರುವ ಬೇಳೆ. ಸಂಕವ್ವ ಬೇಳೆಯ ಪಾತ್ರೆಯ ನಡುವೆ ಬಟ್ಟಲಿಟ್ಟು, ಬಟ್ಟಲಲ್ಲಿ ಕೆಂಡವಿಟ್ಟು, ಕೆಂಡಕ್ಕೆ ತೊಟ್ಟು ತುಪ್ಪ ಬಿಟ್ಟು ಮುಚ್ಚಳ ಹಾಕಿದಳು. ಹೊರಬರಲಾಗದ ಹೊಗೆ ಬೇಳೆಯಲ್ಲೇ ಸಂಸಾರ ಹೂಡಿತು. ಮಾಂತ್ರಿಕ ತಿಂದು "ಹೂಂ" ಎಂದ.

ಮೂರನೆಯದು, ಒಲೆಯ ಗೋಡೆಗೆ ಅಂಟಿ ಬೆಂದಂಥ ರೊಟ್ಟಿ. ಪದುಮಿ ಗೋಧಿ ರೊಟ್ಟಿಯ ಒಂದು ಮಗ್ಗುಲಿಗೆ ನೀರು ಸವರಿ ಕಾವಲಿಗೆ ಅಂಟಿಸಿ, ಕಾವಲಿಯನ್ನು ಉರಿಯ ಮೇಲೆ ಬೋರಲು ಹಿಡಿದಳು. ರೊಟ್ಟಿ ಬೆಂಕಿಗೆ ಬಿತ್ತು. ಇನ್ನೊಂದೂ ಬಿತ್ತು. ಅದು ಸಂಕವ್ವನ ದೋಸೆ ಕಾವಲಿ. ತವರಿನಿಂದ ತಂದದ್ದು, ದಿನಾ ಎಣ್ಣೆ ಕುಡಿದು ಕನ್ನಡಿಯಾಗಿದ್ದು, ಉಜ್ಜುವ ಬೂದಿಯನ್ನೇ ಕಾಣದ್ದು. ಅದಕ್ಕೆ ಏನೂ ಅಂಟುವುದಿಲ್ಲ ಎಂಬುದೇ ಅವಳ ಹೆಮ್ಮೆ. ಮುಟ್ಟಲು ಸೊಸೆಗೂ ಅಪ್ಪಣೆ ಬೇಕಿತ್ತು.

ಸೂರ್ಯ ಗುಡ್ಡದ ಅಂಚಿಗೆ ಬಂದಿದ್ದ. ಮಾಂತ್ರಿಕ ಹುಂಜದ ಮೇಲೆ ನಿಂಬೆಹಣ್ಣು ಹಿಂಡತೊಡಗಿದ.

"ಅತ್ತೆ... ಜಿಡ್ಡಿಗೆ ಅಂಟ್ತಾ ಇಲ್ಲ," ಎಂದಳು ಪದುಮಿ ಮೆಲ್ಲಗೆ.

ಸಂಕವ್ವ ಕಾವಲಿಯನ್ನು ನೋಡಿದಳು. ಹುಂಜವನ್ನು ನೋಡಿದಳು. "ಬೂದಿ ತಾ."

"ಉಜ್ಜಿದರೆ ಆಮೇಲೆ ದೋಸೆ ಏಳಲ್ಲ, ಅತ್ತೆ."

"ದೋಸೆ ಏಳದಿದ್ದರೆ ಕೆರೆದು ತಿಂತೀವಿ. ಮಗ ಹೋದರೆ ಏನು ಕೆರೆದು ತಿನ್ನಲಿ? ತಾರೇ ಬೂದಿ!"

ತೆಂಗಿನ ನಾರು ಹಿಡಿದು ಅವಳೇ ಉಜ್ಜಿದಳು. ಕಾವಲಿ ಬೋಳಾಯಿತು. ಈ ಸಲ ರೊಟ್ಟಿ ಕಚ್ಚಿಕೊಂಡಿತು, ಬೋರಲಾದರೂ ಬೀಳಲಿಲ್ಲ. ಉಬ್ಬಿತು, ಕಪ್ಪು ಬೊಟ್ಟುಗಳೆದ್ದವು. ಪದುಮಿ ಕಿತ್ತು, ತುಪ್ಪ ಸವರಿ ಕೊಟ್ಟಳು. ಮಾಂತ್ರಿಕ ಕಣ್ಣು ಮುಚ್ಚಿ ತಿಂದು, ದೊಡ್ಡದಾಗಿ ತೇಗಿದ. ಹೊಟ್ಟೆ ತುಂಬಿದ ಮಾಂತ್ರಿಕನಲ್ಲಿ ಮಂತ್ರ ನಿಲ್ಲುವುದಿಲ್ಲ. ತೇಗಿನ ಜೊತೆ ಮಂತ್ರ ಹೋಯಿತು, ಒಲೆ ಹೊರಬಂತು, ಹುಂಜ ಇದ್ದಲ್ಲಿ ಮಾಚಯ್ಯ ಮಸಾಲೆ ಸಮೇತ ಎದ್ದು ನಿಂತ. ಧೂಮಾಕ್ಷ ಅರಮನೆಯಲ್ಲಿ ಬೆಳ್ಳುಳ್ಳಿ ಸುಲಿಯುವ ಕೆಲಸಕ್ಕೆ ಸೇರಿ ನೆಮ್ಮದಿಯಾಗಿದ್ದ. ರಾಜರು ವಿಜಯೋತ್ಸವ ಆಚರಿಸಿಕೊಂಡರು.

ಮರುದಿನ ಸಂಕವ್ವ ಎಣ್ಣೆಯ ಗಿಂಡಿಯನ್ನು ಸೊಸೆಯ ಕೈಗಿಟ್ಟು, "ಕಾವಲಿ ಇನ್ನು ನೀನೇ ಪಳಗಿಸು," ಎಂದಳು. ದೋಸೆ ಚೂರುಚೂರಾಗಿ ಎದ್ದಿತು.

"ಹರಿದಿದೆ ಕಣೋ," ಎಂದಳು ತಾಯಿ, ತಟ್ಟೆ ನೀಡುತ್ತಾ.

ಮಾಚಯ್ಯ ಚೂರೊಂದನ್ನು ಕಣ್ಣಿಗೊತ್ತಿಕೊಂಡು ತಿಂದ. "ಇನ್ನೊಂದು ಹಾಕವ್ವಾ."

ರಾಜ್ಯದವರೆಲ್ಲ ಸುಖವಾಗಿದ್ದರು. ಆ ಮನೆಯವರು ಬಹುಕಾಲ ಹರಿದ ದೋಸೆ ತಿಂದು ಇನ್ನಷ್ಟು ಸುಖವಾಗಿದ್ದರು.