ನಾಳೆ ನೋಡೋಣ ಅಂದಳು ವಿನುತಾ

"ಬಾಗಿಲು ಹಾಕ್ಬೇಡಿ ಮೇಡಂ! ಒಂದೇ ನಿಮಿಷ!"

ಬೀಗ ಹಿಡಿದು ನಿಂತಿದ್ದ ವಿನುತಾ ಬೆಚ್ಚಿ ತಿರುಗಿದಳು. ಕುಮಟಾ ಪೇಟೆಯ ಆ ಹಳೆಯ ಕಟ್ಟಡದ ಮೆಟ್ಟಿಲು ಹತ್ತಿ ಒಬ್ಬ ಗಂಡಸು ಓಡಿ ಬಂದಿದ್ದ. ಪ್ಯಾಂಟು ಮೊಣಕಾಲವರೆಗೆ ಒದ್ದೆ. ಪಾದದ ತುಂಬ ಕೆಸರು.

"ಕ್ಲಾಸ್ ಮುಗೀತು. ನಾಳೆ ಬನ್ನಿ."

"ನಾಳೆನೂ ಇಷ್ಟೇ ಹೊತ್ತಾಗ್ತದೆ. ಹೊಳೆ ಕೆಲಸ ಮುಗ್ಸಿ ಅಘನಾಶಿನಿಯಿಂದ ಬರ್ಬೇಕು..."

"ಅದಕ್ಕೆ ನಾನೆಂತ ಮಾಡ್ಲಿ? ನೆಲ ನೋಡಿ, ಈಗಷ್ಟೇ ಒರೆಸಿದ್ದು!"

ಅವನು ತನ್ನ ಕಾಲು ನೋಡಿಕೊಂಡ. ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದು ಬಂದು, ಕರವಸ್ತ್ರ ತೆಗೆದು ನೆಲ ಒರೆಸಲು ಬಗ್ಗಿದ.

'ಛೆ! ಎಂಥ ಮಾತಾಡಿಬಿಟ್ಟೆ...' ವಿನುತಾಳ ಮುಖ ಬಿಸಿಯಾಯಿತು.

"ಬಿಡಿ ಅದನ್ನ. ಒಳಗೆ ಬನ್ನಿ."

ಬೇಗ ಹೊರಟು ಅವಳಿಗೂ ಆಗಬೇಕಾದ್ದೇನಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮಾವಳ್ಳಿಯ ಮನೆ ಅಣ್ಣ-ಅತ್ತಿಗೆಯರದಾಗಿತ್ತು. ಅವರ ಫೋನು ಬರುವುದು ಹಬ್ಬಕ್ಕೆ ಮಾತ್ರ. ಕುಮಟೆಯಲ್ಲಿ ಒಂದು ಬಾಡಿಗೆ ಕೋಣೆ, ಈ ಕಂಪ್ಯೂಟರ್ ತರಗತಿ... ಇಷ್ಟೇ ಅವಳ ಪ್ರಪಂಚ. ಬೀಗ ಹಾಕಿದ ಮೇಲೆ ಮರುದಿನ ಬೀಗ ತೆಗೆಯುವವರೆಗೆ ಅವಳು ಯಾರೊಂದಿಗೂ ಒಂದು ಮಾತು ಆಡುತ್ತಿರಲಿಲ್ಲ.

ಬಂದವನ ಹೆಸರು ಭಾಸ್ಕರ. ಹೊಳೆಯ ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ದಿನವೂ ಅಳೆದು ಬರೆದಿಡುವ ತಾತ್ಕಾಲಿಕ ಕೆಲಸ ಅವನದು. ಮೀನುಗಾರಿಕೆಯ ಸಂಶೋಧನಾ ಕೇಂದ್ರವೊಂದರಲ್ಲಿ ಅದೇ ಕೆಲಸ ಕಾಯಂ ಆಗುವುದಿತ್ತು. ಆದರೆ ಹೊನ್ನಾವರದಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಬರೆಯಬೇಕು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಲಿಸ್ಟ್ ಮಾಡಬೇಕು, ಗ್ರಾಫ್ ಬಿಡಿಸಬೇಕು.

"ಬಿ.ಎ. ಓದಿದವ ನಾನು. ಈ ಪೈಥಾನ್ ಎಂತ ಹೇಳಿ ಸುತರಾಂ ಗೊತ್ತಿಲ್ಲ ಮೇಡಂ," ಎಂದ ಅವನು.

"ಗೊತ್ತಿದ್ರೆ ಇಲ್ಲಿಗೆ ಯಾಕೆ ಬರ್ತಿದ್ರಿ? ಕೂತ್ಕೊಳ್ಳಿ."

ಅಂದಿನಿಂದ ಎಲ್ಲರೂ ಹೋದ ಮೇಲೆ ಅವನೊಬ್ಬನಿಗೇ ಪಾಠ ಶುರುವಾಯಿತು.

"ಚೌಕ ಕಂಸದ ಒಳಗೆ ಒಂದರ ಪಕ್ಕ ಒಂದು ಅಂಕಿ ಬರೀರಿ, ನಡುವೆ ಕಾಮಾ ಹಾಕಿ. ಇದೇ ಲಿಸ್ಟ್. ಮೊದಲನೇ ಅಂಕಿ ಬೇಕಾದ್ರೆ ಸೊನ್ನೆ ಅಂತ ಕೇಳ್ಬೇಕು."

"ಮೊದಲನೇದಕ್ಕೆ ಸೊನ್ನೆಯಾ? ಪಾಪ, ಎಂತ ತಪ್ಪು ಮಾಡಿತ್ತು ಅದು?"

ವಿನುತಾ ನಕ್ಕುಬಿಟ್ಟಳು. ತನ್ನ ನಗು ತನ್ನದೇ ಕಿವಿಗೆ ಹೊಸದಾಗಿ ಕೇಳಿಸಿತು...

ಅವನಿಗೆ ಕಲಿಯುವುದು ನಿಧಾನ. ಆದರೆ ಕಲಿತದ್ದನ್ನು ಬಿಡುತ್ತಿರಲಿಲ್ಲ. ಲಿಸ್ಟಿನ ಕೊನೆಗೆ ಹೊಸ ಅಂಕಿ ಸೇರಿಸಲು ಅಪೆಂಡ್, ಬೇಡದ್ದನ್ನು ತೆಗೆಯಲು ರಿಮೂವ್. ಒಂದೊಂದನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದ.

ಒಂದು ಸಂಜೆ ಅಭ್ಯಾಸಕ್ಕೆಂದು ಕೆಲವೇ ದಿನಗಳ ಉಪ್ಪಿನ ಅಳತೆ ಹಾಕಿ ಮೊದಲ ಗ್ರಾಫ್ ಬಿಡಿಸಿದರು. ಅಡ್ಡಕ್ಕೆ ದಿನ, ಉದ್ದಕ್ಕೆ ಉಪ್ಪು. ಪರದೆಯ ಮೇಲೆ ನೀಲಿ ಗೆರೆಯೊಂದು ಮೂಡಿ, ನಡುವೆ ಧೊಪ್ಪನೆ ಕೆಳಗಿಳಿದಿತ್ತು.

ಭಾಸ್ಕರ ಕುರ್ಚಿಯಿಂದಲೇ ಎದ್ದುಬಿಟ್ಟ. "ಓ! ಇದು ಘಟ್ಟದ ಮೇಲೆ ದೊಡ್ಡ ಮಳೆ ಬಿದ್ದ ದಿನ ಮೇಡಂ! ಹೊಳೆ ಪೂರಾ ಸಿಹಿ ಆಗಿತ್ತು. ಬಳಚು, ಆ ಚಿಪ್ಪಿನ ಮೀನು, ಎಲ್ಲ ಬಾಯಿ ಬಿಟ್ಕಂಡು ಸತ್ತು ಬಿದ್ದಿತ್ತು. ಆರಿಸೂಕೆ ಹೋದ ಅಮ್ಮ ಬುಟ್ಟಿ ಖಾಲಿ ಹಿಡ್ಕಂಡೇ ವಾಪಸ್ ಬಂತು..."

ಇಷ್ಟು ವರ್ಷ ಎಷ್ಟೋ ಮಕ್ಕಳಿಗೆ ಗ್ರಾಫ್ ಕಲಿಸಿದ್ದಳು ವಿನುತಾ. ಗೆರೆ ನೋಡಿ ಯಾರೂ ಹೀಗೆ ಮಾತಾಡಿರಲಿಲ್ಲ. ಅವಳು ಪರದೆ ಬಿಟ್ಟು ಅವನ ಮುಖವನ್ನೇ ನೋಡುತ್ತ ಕುಳಿತಳು.

ಆ ರಾತ್ರಿ ಕೋಣೆಯಲ್ಲಿ ಒಬ್ಬಳೇ ಅನ್ನ ಕಲಸುವಾಗ ಅವಳಿಗೆ ಭಯವಾಯಿತು. 'ಇವನಿಗೆ ಪಾಠ ಮುಗಿದರೆ?'

ಮುಗಿಯುವ ದಿನ ಬಂದೇಬಿಟ್ಟಿತು.

ಭಾಸ್ಕರ ಇಡೀ ಮಳೆಗಾಲದ ಅಳತೆಗಳನ್ನು ಎರಡು ಲಿಸ್ಟ್ ಮಾಡಿ ತಂದಿದ್ದ. ಒಂದರಲ್ಲಿ ತಾರೀಖು, ಇನ್ನೊಂದರಲ್ಲಿ ಉಪ್ಪು. "ಇದೊಂದು ಗ್ರಾಫ್ ಬಂದ್ರೆ ಆತು ಮೇಡಂ. ಮತ್ತೆ ನಿಮಗೆ ತ್ರಾಸು ಕೊಡುದಿಲ್ಲ."

ಗುಂಡಿ ಒತ್ತಿದ. ಗೆರೆಯ ಬದಲು ಕೆಂಪು ಅಕ್ಷರಗಳು ಬಂದವು!

ವಿನುತಾಳಿಗೆ ನೋಡಿದ ಕೂಡಲೇ ತಿಳಿಯಿತು. ಯಾವುದೋ ದಿನ ಅಳತೆ ತಪ್ಪಿಹೋಗಿತ್ತು. ತಾರೀಖಿನ ಲಿಸ್ಟಿನಲ್ಲಿ ಆ ದಿನ ಉಳಿದಿತ್ತು, ಉಪ್ಪಿನ ಲಿಸ್ಟಿನಲ್ಲಿ ಇರಲಿಲ್ಲ. ಎರಡರ ಉದ್ದವೂ ಒಂದೇ ಆಗದೆ ಗೆರೆ ಮೂಡುವುದಿಲ್ಲ. ಒಂದು ಮಾತು ಹೇಳಿದರೆ ಸಾಕಿತ್ತು.

'ಹೇಳಿದರೆ ಇವನು ಹೋಗಿಬಿಡುತ್ತಾನೆ...'

"ಎಲ್ಲೋ ತಪ್ಪಿದೆ," ಎಂದಳು ಮೆಲ್ಲಗೆ. "ನಾಳೆ ನೋಡೋಣ."

ಮರುದಿನವೂ ಅದೇ ಮಾತು. ಅದರ ಮರುದಿನವೂ. ಭಾಸ್ಕರ ಅಂಕಿಗಳನ್ನು ಮತ್ತೆ ಮತ್ತೆ ಮೊದಲಿಂದ ಬರೆದ. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಅದನ್ನು ನೋಡಿಯೂ ಅವಳು 'ನಾಳೆ' ಎನ್ನುವುದನ್ನು ಬಿಡಲಿಲ್ಲ.

ಒಂದು ಸಂಜೆ ಅವಳು ಚಹಾ ತರಲು ಕೆಳಗೆ ಹೋಗಿದ್ದಳು. ವಾಪಸ್ ಬಂದಾಗ ಬಿಟ್ಟುಹೋದ ಪುಸ್ತಕಕ್ಕೆಂದು ಬಂದಿದ್ದ ವಿದ್ಯಾರ್ಥಿನಿ ಅರ್ಚನಾ ಅವನ ಪಕ್ಕ ನಿಂತು ನಗುತ್ತಿದ್ದಳು.

"ಇಷ್ಟೇ ಅಣ್ಣಾ! ಎರಡು ಲಿಸ್ಟೂ ಸಮ ಇಲ್ಲ. ಮೇಡಂ ನಮಗೆ ಮೊದಲನೇ ವಾರವೇ ಹೇಳಿಕೊಟ್ಟಿದ್ರು."

ಪರದೆಯ ಮೇಲೆ ಗೆರೆ ಮೂಡಿತ್ತು. ಭಾಸ್ಕರ ಅದನ್ನು ನೋಡುತ್ತಿರಲಿಲ್ಲ. ವಿನುತಾಳನ್ನು ನೋಡುತ್ತಿದ್ದ.

ಅರ್ಚನಾ ಹೋದ ಮೇಲೆ ಕೇಳಿದ. "ನಿಮಗೆ ಗೊತ್ತಿತ್ತು ಅಲ್ದಾ?"

ಅವಳು ಚಹಾದ ಲೋಟ ಮೇಜಿನ ಮೇಲಿಟ್ಟಳು.

"ಬಳಚು ಆರಿಸೋಳ ಮಗ ಎಷ್ಟು ಒದ್ದಾಡ್ತ ನೋಡುವ ಅಂತ ಮಾಡಿದ್ರಾ ಮೇಡಂ? ಚಲೋ ನಗು ಬಂತಾ?"

"ಅಲ್ಲ! ಭಾಸ್ಕರ, ಹಾಗಲ್ಲ..."

ಅವನು ಮೆಟ್ಟಿಲಿಳಿದು ಹೋದ.

ಮತ್ತೆ ಬರಲಿಲ್ಲ. ಫೋನು ಎತ್ತಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೂ ವಿನುತಾ ದೀಪ ಆರಿಸದೆ ಕೂರುತ್ತಿದ್ದಳು. ಮೆಟ್ಟಿಲಿನಲ್ಲಿ ಸದ್ದಾದರೆ ಬಾಗಿಲ ಕಡೆ ತಿರುಗುತ್ತಿದ್ದಳು. ಹತ್ತಿ ಹೋಗುತ್ತಿದ್ದವರು ಮೇಲಿನ ಮಹಡಿಯವರು...! ಮೊದಲೂ ಒಬ್ಬಳೇ ಇದ್ದವಳು. ಆದರೆ ಆಗ ಯಾರಿಗೂ ಕಾಯುತ್ತಿರಲಿಲ್ಲ.

ಪರೀಕ್ಷೆಯ ದಿನ ಅವಳು ರಜೆ ಹಾಕಿ ಹೊನ್ನಾವರದ ಬಸ್ಸು ಹತ್ತಿದಳು. ಕರ್ಕಿ ದಾಟುವಾಗ ಇಳಿದು ವಾಪಸ್ ಹೋಗೋಣ ಅನ್ನಿಸಿತು. ಇಳಿಯಲಿಲ್ಲ.

ಪರೀಕ್ಷೆ ಮುಗಿಸಿ ಹೊರಬಂದ ಭಾಸ್ಕರ ಗೇಟಿನ ಬಳಿ ಅವಳನ್ನು ಕಂಡು ನಿಂತುಬಿಟ್ಟ.

"ಹೇಗಾಯ್ತು?"

"ಗ್ರಾಫ್ ಬಂತು. ಲಿಸ್ಟನ್ನ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಅಂದಿದ್ರು. ಅದು ಆಗ್ಲಿಲ್ಲ."

ವಿನುತಾ ಕುಗ್ಗಿಹೋದಳು. ಅದು ಅವಳು ಹೇಳಿಕೊಡಬೇಕಿದ್ದ ಮುಂದಿನ ಪಾಠ.

"ನನ್ನಿಂದ ಹಾಳಾಯ್ತು," ಎಂದಳು. "ಹೌದು ಭಾಸ್ಕರ, ಕೆಂಪು ಅಕ್ಷರ ಬಂದ ದಿನವೇ ನನಗೆ ಗೊತ್ತಿತ್ತು. ನಗೋದಕ್ಕೆ ಅಲ್ಲ... ಗ್ರಾಫ್ ಬಂದ್ರೆ ನೀವು ಬರುದಿಲ್ಲ ಅಂದ್ರಿ. ನೀವು ಬರದ ಸಂಜೆ ನನಗೆ ಬೇಡಾಗಿತ್ತು. ಅದಕ್ಕೇ ಬಾಯಿ ಮುಚ್ಕೊಂಡೆ. ತಪ್ಪು ಮಾಡಿದೆ. ಬೈರಿ, ಹೋಗು ಅನ್ನಿ... ಆದ್ರೆ ನಿಮ್ಮನ್ನ ನೋಡಿ ನಕ್ಕೆ ಅಂತ ಮಾತ್ರ ತಿಳ್ಕೋಬೇಡಿ!"

ಭಾಸ್ಕರ ಕೈಯಲ್ಲಿದ್ದ ಪರೀಕ್ಷೆಯ ಚೀಟಿ ಮಡಚಿ ಜೇಬಿಗೆ ಹಾಕಿದ.

"ಒಂದು ಮಾತು ಹೇಳಿದ್ರೆ ಸಾಕಿತ್ತು," ಎಂದ ಕೊನೆಗೆ. "ಗ್ರಾಫ್ ಬಂದ್ರೂ ಬನ್ನಿ ಅಂತ."

ಅವಳ ಕಣ್ಣಿಂದ ನೀರು ಇಳಿಯಿತು.

"ಬೇರೆ ಯಾರಾದ್ರೂ ಹಾಂಗೆ ಮಾಡಿದ್ರೆ ನಾನೂ ನಗಾಡಿ ಬಿಡ್ತಿದ್ದೆ," ಅವನ ದನಿ ತಗ್ಗಿತು. "ನೀವು ಅಂದ್ಕೂಡ್ಲೆ ತಡಕೊಳ್ಳೂಕೆ ಆಗ್ಲಿಲ್ಲ. ಎಂತಕ್ಕೆ ಹೇಳಿ ಇನ್ನೂ ಬಾಯಿ ಬಿಟ್ಟು ಹೇಳ್ಬೇಕಾ?"

ವಿನುತಾ ಮುಖ ಎತ್ತಿದಳು. ಅವನ ಕಣ್ಣೂ ಒದ್ದೆಯಾಗಿತ್ತು.

"ಕೆಲಸ...?"

"ಸಿಕ್ಕರೆ ಸಿಕ್ತು. ಇಲ್ಲದಿದ್ರೆ ಜೋಡಿಸುದು ಕಲಿತು ಮುಂದಿನ ಸಲ ಬರೀತೆ. ಕಲಿಸ್ತ್ರಿ ಅಲ್ದಾ?"

ಅವಳು ತಲೆಯಾಡಿಸಿದಳು.

ಕುಮಟೆಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಬಸ್ಸು ಊರು ಬಿಟ್ಟಿತು.

"ಭಾನುವಾರ ನಮ್ಮನೆಗೆ ಬನ್ನಿ," ಎಂದ ಭಾಸ್ಕರ. "ಅಮ್ಮ ಕೇಳ್ತದೆ, ಇವ್ರು ಯಾರು ಅಂತ. ಎಂತ ಹೇಳ್ಲಿ?"

"ಪಾಠ ಹೇಳೋರು ಅಂತ ಮಾತ್ರ ಹೇಳ್ಬೇಡಿ."

"ಮತ್ತೆಂತ ಹೇಳುದು?"

ವಿನುತಾ ಅವನ ಒರಟು ಬೆರಳುಗಳ ಮೇಲೆ ತನ್ನ ಕೈ ಇಟ್ಟಳು.

"ಇನ್ನು ದಿನಾ ಬರೋರು ಅಂತ ಹೇಳಿ."