ಪ್ರಿಫರೆನ್ಸ್ ಎಂಬ ಸಾಲು

ಅಪಘಾತದಲ್ಲಿ ಕೈ ಕಳೆದುಕೊಂಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೊಸ ಕೈ ಮಾಡಿಕೊಡುವುದು ಅವನ ಹೊಟ್ಟೆಪಾಡು. ಹನ್ನೊಂದು ವರ್ಷಗಳಲ್ಲಿ ಅವನು ಎಷ್ಟೋ ಮೊಣಕೈಗಳನ್ನು ಕಂಡಿದ್ದ, ಯಾರ ಮುಖವನ್ನೂ ಮನೆಗೆ ಹೊತ್ತುಕೊಂಡು ಹೋದವನಲ್ಲ. ಒಂದು ಬೆಳಿಗ್ಗೆ ಒಬ್ಬ ಹುಡುಗಿ ಬಲತೋಳಿನ ತುದಿಯನ್ನು ಶಾಲಿನೊಳಗೆ ಅಡಗಿಸಿಕೊಂಡು ಬಂದು ಕೂತಳು.

"ರಟ್ಟಿನ ಡಬ್ಬಿ ಫ್ಯಾಕ್ಟರಿ. ಪ್ರೆಸ್ ಮಿಷನ್ನಿಗೆ ಸಿಕ್ಕಿತು," ಎಂದರು ಜೊತೆಗಿದ್ದ ಚಿಕ್ಕಮ್ಮ.

ಅವನು ಫಾರಂ ತುಂಬುತ್ತಾ ಕೊನೆಯ ಸಾಲಿಗೆ ಬಂದ. "ಪ್ರಿಫರೆನ್ಸ್ ಏನಂತ ಬರೀಲಿ?"

"ಹಾಗಂದ್ರೆ ಏನಪ್ಪಾ?"

"ಏನು ಬೇಕೇ ಬೇಕು ಅನ್ನೋದನ್ನ ಡಾಕ್ಟರ್ ಬರೆದಿದ್ದಾರಮ್ಮಾ. ಇದು ಬೇರೆ. ಎರಡು ಮುಂದಿಟ್ಟಾಗ ಇದಕ್ಕಿಂತ ಅದು ವಾಸಿ ಅನ್ನಿಸುತ್ತಲ್ಲ, ಅದು. ಒಬ್ಬೊಬ್ಬರದು ಒಂದೊಂದು ಥರ. ಕಾರಣ ಹೇಳಬೇಕು ಅಂತಿಲ್ಲ."

ಅವನು ಎರಡನ್ನೂ ಮೇಜಿನ ಮೇಲಿಟ್ಟ. ಒಂದು ರಬ್ಬರಿನ ಕೈ. ಉಗುರು, ಗೆರೆ ಎಲ್ಲ ಇತ್ತು, ಆದರೆ ನೋಟಕ್ಕೆ ಮಾತ್ರ. ಇನ್ನೊಂದು ಉಕ್ಕಿನ ಕೊಕ್ಕೆ; ಬಕೆಟ್ ಎತ್ತುತ್ತದೆ, ಚಿಲಕ ತೆಗೆಯುತ್ತದೆ.

"ಕೈ ಥರ ಇರೋದನ್ನೇ ಬರಿಯಪ್ಪ. ಮುಂದಿನ ತಿಂಗಳು ಗಂಡಿನ ಕಡೆಯವರು ಬರ್ತಾರೆ."

ಅವನು ಬರೆದ. ಅವಳು ಮಾತ್ರ ಕಣ್ಣು ಮಿಟುಕಿಸದೆ ಕೊಕ್ಕೆಯನ್ನೇ ನೋಡುತ್ತಿದ್ದಳು. ಆ ನೋಟ ಅವನ ಎದೆಯಲ್ಲಿ ಕೂತುಬಿಟ್ಟಿತು.

ಅಚ್ಚು ತೆಗೆಯಲು ಅವಳು ಮೂರು ಸಲ ಬಂದಳು. ಎರಡನೆಯ ಸಲಕ್ಕೇ ಅವನಿಗೆ ಹೆಸರಿಟ್ಟಾಗಿತ್ತು.

"ಕೈ ಮೇಷ್ಟ್ರೇ, ತಣ್ಣಗಿದೆ."

"ಪ್ಲಾಸ್ಟರ್ ಹಾಗೇ ಇರುತ್ತೆ."

"ಪ್ಲಾಸ್ಟರ್ ಮೆತ್ತಿ ಮುಗೀತಲ್ಲ? ನಿಮ್ಮ ಬೆರಳು ಮಾತ್ರ ಇನ್ನೂ ಇಲ್ಲೇ ಇದೆ."

ಅವನ ಕಿವಿಯ ತನಕ ಕೆಂಪೇರಿತು. ಅವಳು ನಕ್ಕಳು. ನಗುತ್ತಲೇ ಕಣ್ಣು ಗೋಡೆಗೆ ತೂಗುಹಾಕಿದ್ದ ಉಕ್ಕಿನ ಕೊಕ್ಕೆಗಳ ಕಡೆ ಹೊರಳಿತು, ನಗು ಅರ್ಧಕ್ಕೇ ನಿಂತಿತು.

ಪಾಪ, ಬಾಯಿಬಿಟ್ಟು ಕೇಳಲಾರಳು ಎಂದುಕೊಂಡ ಅವನು. ದುಡಿದು ಬದುಕಬೇಕೆಂಬ ಹುಡುಗಿಯನ್ನು ಬೊಂಬೆ ಮಾಡಿ ಕೂರಿಸಲು ಹೊರಟಿದ್ದಾರೆ. ಒಂದು ಮಧ್ಯಾಹ್ನ ಫಾರಂ ತೆಗೆದು, ಚಿಕ್ಕಮ್ಮ ಹೇಳಿದ್ದನ್ನು ಹೊಡೆದುಹಾಕಿ 'ಕೊಕ್ಕೆ' ಎಂದು ಬರೆದ. ಪ್ರೇಮಪತ್ರ ಬರೆದಷ್ಟು ಸುಖವಾಯಿತು.

ಕೈ ಕೂರಿಸುವ ದಿನ ಅವಳು ಒಬ್ಬಳೇ ಬಂದಳು.

"ಚಿಕ್ಕಮ್ಮ ಬರಲಿಲ್ವಾ?"

"ಗಂಡಿನ ಕಡೆಯವರು ಬರಲ್ಲ ಅಂದ್ರಂತೆ. ಇನ್ನು ಕೈ ಎಂಥದಾದ್ರೇನು ಅಂತ ಮನೇಲೇ ಉಳಿದ್ರು."

ಅವನಿಗೆ ಒಳಗೊಳಗೇ ಹಗುರವಾಯಿತು. "ಕಣ್ಣು ಮುಚ್ಕೊಳ್ಳಿ," ಎಂದ. ಪಟ್ಟಿ ಬಿಗಿದು, "ಈಗ ನೋಡಿ," ಎಂದ.

ಅವಳು ನೋಡಿದಳು. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು.

"ತೆಗೀರಿ! ಯಾರು ಹೇಳಿದ್ರು ಇದನ್ನ?"

"ನೀವು... ನೀವು ಯಾವಾಗಲೂ ಅದನ್ನೇ ನೋಡ್ತಿದ್ರಿ."

"ಆ ಪ್ರೆಸ್ಸಿನ ಹಲ್ಲು ಹೀಗೇ ಇತ್ತು. ಎಲ್ಲಿ ಮೈಮೇಲೆ ಬೀಳುತ್ತೋ ಅಂತ ನೋಡ್ತಿದ್ದೆ."

ಅವನು ಅವಸರದಿಂದ ಪಟ್ಟಿ ಬಿಚ್ಚಿದ. ಕೊಕ್ಕೆಯನ್ನು ಡ್ರಾಯರಿನೊಳಗಿಟ್ಟು ಮುಚ್ಚಿದ. ಅವಳ ಚರ್ಮದ ಮೇಲೆ ಕೆಂಪು ಬರೆ ಉಳಿದಿತ್ತು.

"ಚಿಕ್ಕಮ್ಮ ಹೇಳಿದ್ರು, ನೀವು ಬರೆದ್ರಿ. ಆಮೇಲೆ ನೀವೇ ಹೇಳಿಕೊಂಡು ನೀವೇ ಬರೆದ್ರಿ. ಕೈ ಹೋಗಿರೋದು ನಂದು, ಮೇಷ್ಟ್ರೇ. ಬಾಯಲ್ಲ."

"ತಪ್ಪಾಯ್ತು," ಎಂದ. ಫಾರಂ ಎಳೆದುಕೊಂಡು, "ಈಗ ಕೇಳ್ತೀನಿ. ನಿಮಗೆ ಯಾವುದು?"

"ಸದ್ಯಕ್ಕೆ ಎರಡೂ ಬೇಡ. ಇದು ಹೀಗೇ ಇರಲಿ. ನನಗೇ ಇನ್ನೂ ಇದರ ಪರಿಚಯ ಆಗಿಲ್ಲ." ಅವಳು ತಲೆಯೆತ್ತಿದಳು. "ನಿಮಗೆ?"

"ನೀವು."

"ಎರಡು ಮುಂದಿಡಬೇಕು ಅಂದಿದ್ರಿ. ನನ್ನ ಪಕ್ಕದಲ್ಲಿ ಇನ್ನೊಂದೇನಿದೆ?"

"ನೀವಿಲ್ಲದ ದಿನಗಳು. ಅಂಥವು ತುಂಬಾ ಇದ್ದಾವೆ ನನ್ನ ಹತ್ರ."

ಅವಳ ಕಣ್ಣು ತುಂಬಿತು.

ಅವನು ಫಾರಂ ಎತ್ತಿಕೊಂಡು ಎದ್ದ. "ಮೇಲಧಿಕಾರಿ ಹತ್ರ ಹೋಗಿ, ತಿದ್ದಿದ್ದು ನಾನೇ ಅಂತ ಹೇಳ್ಬೇಕು. ಕೆಲಸಾನೂ ಹೋಗಬಹುದು. ನೀವು ಮನೆಗೆ ಹೋಗಿ."

"ನಾನೂ ಬರ್ತೀನಿ."

"ನೀವ್ಯಾಕೆ?"

"ಅಲ್ಲೂ ನನ್ನ ಪರವಾಗಿ ಇನ್ನೇನಾದ್ರೂ ಹೇಳಿಬಿಟ್ಟೀರಿ, ನಿಮ್ಮನ್ನ ನಂಬೋಕಾಗಲ್ಲ," ಎಂದು ಅವಳು ಶಾಲನ್ನು ಕುರ್ಚಿಯ ಮೇಲೇ ಬಿಟ್ಟು, ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆದಳು.